ಎಕ್ಸ್‌ರೇಯಲ್ಲಿ ಕಾಣದ ನೋವು, ಅದನ್ನು ನಂಬುವ ವೈದ್ಯರು

ಕಲ್ಕತ್ತೆಯಲ್ಲಿರುವ ನಮ್ಮವರಲ್ಲಿ ಮೈಕೈ ನೋವಿಲ್ಲದವರು ಯಾರಾದರೂ ಉಂಟೇ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕಾದೀತು. ಬೆಳಗಿನ ನಾಲ್ಕು ಗಂಟೆಗೆ ಎದ್ದು ಇಡ್ಲಿಯ ಪಾತ್ರೆಗೆ ನೀರಿಡುವ ಅಡಿಗೆಯವರು, ರಾತ್ರಿ ಹನ್ನೊಂದಕ್ಕೆ ನೆಲ ತೊಳೆದು ಮಲಗುವ ಕ್ಲೀನರ್ ಹುಡುಗರು, ಡಾಲ್‌ಹೌಸಿಯ ಕಛೇರಿಗಳಲ್ಲಿ ದಿನವಿಡೀ ಕುತ್ತಿಗೆ ಬಗ್ಗಿಸಿ ಕುಳಿತಿರುವ ಗುಮಾಸ್ತರು, ಇವರಲ್ಲಿ ಸೊಂಟ ಹಿಡಿಯಿತು, ಭುಜ ಸೆಳೆಯಿತು ಎನ್ನದವರಿಲ್ಲ. ದುಡಿದ ಮೈಗೆ ನೋವು ಸಹಜವೇ. ಒಂದು ರಾತ್ರಿಯ ಒಳ್ಳೆಯ ನಿದ್ದೆಗೋ, ಊರಿಗೆ ಹೋಗಿ ಹದಿನೈದು ದಿನ ಇದ್ದು ಬಂದರೋ ಇಳಿಯುವ ಆ ನೋವಿನ ವಿಷಯವನ್ನು ನಾವು ಈ ದಿನ ಬರೆಯುತ್ತಿಲ್ಲ.

ನಾವು ಬರೆಯಹೊರಟಿರುವುದು ಇಳಿಯದ ನೋವಿನ ವಿಷಯವನ್ನು. ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಇಂದು ಇಲ್ಲಿ, ನಾಳೆ ಅಲ್ಲಿ ಎಂದು ತಿಂಗಳುಗಟ್ಟಲೆ ಸಂಚರಿಸುವ ನೋವು. ಎಂಟು ಗಂಟೆ ಮಲಗಿ ಎದ್ದರೂ ಮಲಗಲೇ ಇಲ್ಲವೇನೋ ಎನ್ನಿಸುವ ಆಯಾಸ. ನಾಲ್ಕು ಮೇಜುಗಳ ಆರ್ಡರನ್ನು ಬರೆದುಕೊಳ್ಳದೆ ಒಪ್ಪಿಸುತ್ತಿದ್ದ ಸಪ್ಲಾಯರನು ಒಂದು ಮೇಜಿನದನ್ನೂ ಮರೆಯುವಂತೆ ಮಾಡುವ ಮಂಕು. ಇಂಥವರು ವೈದ್ಯರಲ್ಲಿಗೆ ಹೋಗುತ್ತಾರೆ. ರಕ್ತ ಪರೀಕ್ಷೆಯಾಗುತ್ತದೆ, ಎಕ್ಸ್‌ರೇ ತೆಗೆಯಲಾಗುತ್ತದೆ. ಎರಡರಲ್ಲಿಯೂ ದೋಷ ಕಾಣುವುದಿಲ್ಲ. “ನಿಮಗೆ ಏನೂ ಇಲ್ಲ” ಎಂಬ ಉತ್ತರ ಬರುತ್ತದೆ. ಅದೇ ಮಾತು ಹೋಟೆಲಿಗೆ ಬಂದು ಮುಟ್ಟುವಷ್ಟರಲ್ಲಿ “ಡಾಕ್ಟರೇ ಏನೂ ಇಲ್ಲವೆಂದಿದ್ದಾರೆ, ಇವನದು ಬರೀ ಸೋಗು” ಎಂದಾಗಿರುತ್ತದೆ. ನೋವಿನ ಮೇಲೆ ಅಪವಾದವೂ ಸೇರುತ್ತದೆ.

ಭವಾನಿಪುರದ ಹೋಟೆಲೊಂದರಲ್ಲಿ ದೋಸೆ ಹೊಯ್ಯುವ ನಮ್ಮ ಪರಿಚಿತರೊಬ್ಬರು ಎರಡು ವರ್ಷಗಳಲ್ಲಿ ಐದು ಮಂದಿ ವೈದ್ಯರನ್ನು ಕಂಡರು. ಒಬ್ಬರು ಇಂಜೆಕ್ಷನ್ ಕೊಟ್ಟರು, ಒಬ್ಬರು ಸೊಂಟಕ್ಕೆ ಪಟ್ಟಿ ಕೊಟ್ಟರು, ಮತ್ತೊಬ್ಬರು ಊರಿಗೆ ಹೋಗಿ ಮದುವೆ ಮಾಡಿಕೊಳ್ಳಿ ಎಂದರು. ಆರನೆಯವರು ಮಾತ್ರ ಹಳೆಯ ಕಾಗದಗಳನ್ನೆಲ್ಲ ಬದಿಗಿಟ್ಟು, “ರಾತ್ರಿ ನಿದ್ದೆ ಹೇಗೆ ಬರುತ್ತದೆ?” ಎಂದು ಕೇಳಿದರಂತೆ. ಆ ಒಂದು ಪ್ರಶ್ನೆಯಿಂದ ರೋಗದ ಹೆಸರು ಹೊರಬಿದ್ದಿತು. ಇಂಥ ಆರನೆಯ ವೈದ್ಯರನ್ನು ಮೊದಲೇ ಗುರುತಿಸುವುದು ಹೇಗೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ರೋಗದ ಹೆಸರೂ ಚರಿತ್ರೆಯೂ

ಈ ಬೇನೆಗೆ ವೈದ್ಯಶಾಸ್ತ್ರದಲ್ಲಿ ಫೈಬ್ರೋಮಯಾಲ್ಜಿಯಾ ಎಂದು ಹೆಸರು. ನಾರು, ಸ್ನಾಯು, ನೋವು ಎಂಬ ಅರ್ಥದ ಮೂರು ಪರಭಾಷಾ ಪದಗಳನ್ನು ಹೊಸೆದು ಮಾಡಿದ ಹೆಸರು ಅದು. 1904ರಲ್ಲಿ ಲಂಡನ್ನಿನ ನರರೋಗ ತಜ್ಞ ಸರ್ ವಿಲಿಯಂ ಗವರ್ಸ್ ಇದಕ್ಕೆ ಹತ್ತಿರವಾದ ಬೇನೆಯೊಂದನ್ನು ವಿವರಿಸುತ್ತ ‘ಫೈಬ್ರೊಸೈಟಿಸ್’ ಎಂಬ ಪದವನ್ನು ಬಳಕೆಗೆ ತಂದರು. ಸ್ನಾಯುಗಳ ನಾರುಗಳಲ್ಲಿ ಉರಿಯೂತವಿರಬೇಕೆಂಬುದು ಅವರ ಊಹೆಯಾಗಿತ್ತು. ಮುಂದಿನವರು ಎಷ್ಟು ಹುಡುಕಿದರೂ ಆ ಉರಿಯೂತ ಸಿಕ್ಕಲಿಲ್ಲ. ಆದುದರಿಂದ 1976ರಲ್ಲಿ ಉರಿಯೂತದ ಸೂಚನೆಯಿಲ್ಲದ ಈಗಿನ ಹೆಸರು ಬಂದಿತು.

ರೋಗವನ್ನು ಗುರುತಿಸುವ ಕ್ರಮವೂ ಹಾಗೆಯೇ ಬದಲಾಗುತ್ತ ಬಂದಿದೆ. 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆಯು, ಶರೀರದ 18 ನಿರ್ದಿಷ್ಟ ಸ್ಥಾನಗಳನ್ನು ಬೆರಳಿನಿಂದ ಒತ್ತಿ ನೋಡಿದಾಗ 11 ಕಡೆಯಾದರೂ ನೋವಿರಬೇಕೆಂದು ನಿಯಮ ಮಾಡಿತು. 2010ರಲ್ಲಿ ಅದೇ ಸಂಸ್ಥೆ ಈ ಒತ್ತುವ ಲೆಕ್ಕವನ್ನು ಕೈಬಿಟ್ಟು, ಶರೀರದ 19 ಭಾಗಗಳಲ್ಲಿ ಎಷ್ಟು ಕಡೆ ನೋವಿದೆ, ಆಯಾಸವೆಷ್ಟು, ನಿದ್ದೆಯಿಂದ ಎದ್ದಾಗ ಹುರುಪಿದೆಯೇ, ನೆನಪು ಹೇಗಿದೆ ಎಂದು ರೋಗಿಯನ್ನೇ ಕೇಳಿ ತಿಳಿಯುವ ಪದ್ಧತಿಯನ್ನು ಪ್ರಕಟಿಸಿತು. 2016ರ ತಿದ್ದುಪಡಿಯ ಪ್ರಕಾರ, ಶರೀರವನ್ನು ಐದು ವಲಯಗಳಾಗಿ ಎಣಿಸಿದರೆ ನಾಲ್ಕರಲ್ಲಾದರೂ ನೋವಿರಬೇಕು, ಮೂರು ತಿಂಗಳಾದರೂ ಅದು ಇದ್ದಿರಬೇಕು. ಬೇರೊಂದು ರೋಗವಿರುವ ಮಾತ್ರಕ್ಕೆ ಇದು ಇಲ್ಲವೆನ್ನುವಂತಿಲ್ಲ ಎಂದೂ ಆ ತಿದ್ದುಪಡಿ ಹೇಳಿತು.

ಇದರ ತಾತ್ಪರ್ಯವನ್ನು ನಮ್ಮ ಓದುಗರು ಗಮನಿಸತಕ್ಕದ್ದು. ಈ ರೋಗವನ್ನು ತೋರಿಸಿಕೊಡುವ ರಕ್ತ ಪರೀಕ್ಷೆಯಾಗಲಿ ಎಕ್ಸ್‌ರೇಯಾಗಲಿ ಇಲ್ಲ. ರೋಗಿಯ ಮಾತೇ ಇಲ್ಲಿ ಮುಖ್ಯ ಸಾಕ್ಷ್ಯ. ಆ ಮಾತನ್ನು ಕೇಳದ ವೈದ್ಯರು ಎಷ್ಟೇ ದೊಡ್ಡ ಪದವಿ ಪಡೆದವರಾಗಿದ್ದರೂ ಈ ರೋಗವನ್ನು ಕಾಣಲಾರರು. ಲೋಕದಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಮಂದಿಗೆ ಇದು ಇದೆಯೆಂದು ಅಂದಾಜು. ಹೆಂಗಸರಲ್ಲಿ ಹೆಚ್ಚು, ಆದರೆ ಗಂಡಸರಿಗೂ ಬರುತ್ತದೆ. ಹೆಂಗಸರ ರೋಗವೆಂಬ ಹೆಸರಿರುವುದರಿಂದಲೇ ಗಂಡಸರಲ್ಲಿ ಅದನ್ನು ಗುರುತಿಸದೆ ಬಿಡುವುದೂ ಉಂಟು.

ನೋವು ಸುಳ್ಳಲ್ಲ

ಕಾಗದದಲ್ಲಿ ಕಾಣದ ನೋವು ಕಲ್ಪನೆಯಲ್ಲವೇ ಎಂಬ ಸಂದೇಹ ನಮ್ಮವರಲ್ಲಿಯೂ ಇದೆ. ಅದಕ್ಕೆ ಉತ್ತರ 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ದೊರೆಯಿತು. 16 ಮಂದಿ ರೋಗಿಗಳನ್ನೂ 16 ಮಂದಿ ನಿರೋಗಿಗಳನ್ನೂ ಆರಿಸಿ, ಅವರ ಹೆಬ್ಬೆರಳಿನ ಉಗುರನ್ನು ಅಳತೆಯ ಪ್ರಕಾರ ಒತ್ತುತ್ತ, ಆ ಹೊತ್ತಿನಲ್ಲಿ ಮೆದುಳಿನಲ್ಲಿ ಏನಾಗುತ್ತದೆ ಎಂಬುದನ್ನು ಯಂತ್ರದಿಂದ ಚಿತ್ರಿಸಿದರು. ನಿರೋಗಿಗಳಿಗೆ ಅಷ್ಟಾಗಿ ತಾಕದ ಒತ್ತಡಕ್ಕೆ ರೋಗಿಗಳ ಮೆದುಳಿನಲ್ಲಿ ನೋವಿನ ಕೇಂದ್ರಗಳು ಚುರುಕಾದವು. ಸೋಗು ಹಾಕುವವನು ಮುಖವನ್ನು ಕಿವುಚಬಲ್ಲನು. ಮೆದುಳಿನ ರಕ್ತಸಂಚಾರವನ್ನು ಬೇಕಾದಂತೆ ಬದಲಿಸಲಾರನು.

ಹೋಟೆಲಿನ ಮಾತಿನಲ್ಲಿಯೇ ಹೇಳುವುದಾದರೆ ಹೀಗೆ. ಮೇಜಿನ ಕರೆಗಂಟೆಯನ್ನು ಬೆರಳ ತುದಿಯಿಂದ ಮುಟ್ಟಿದರೂ ಅಡಿಗೆಮನೆಯಲ್ಲಿ ದೇವಸ್ಥಾನದ ಗಂಟೆ ಬಾರಿಸಿದಷ್ಟು ಸದ್ದಾಗುತ್ತಿದ್ದರೆ, ದೋಷವಿರುವುದು ಮೇಜಿನಲ್ಲಲ್ಲ, ತಂತಿಯಲ್ಲಿ. ಎಕ್ಸ್‌ರೇ ತೆಗೆಯುವುದು ಮೇಜಿನ ಚಿತ್ರವನ್ನು. ತಂತಿಯ ದೋಷ ಅದರಲ್ಲಿ ಹೇಗೆ ಕಂಡೀತು? ನೋವಿನ ಸುದ್ದಿಯನ್ನು ಒಯ್ಯುವ ನರಗಳೂ ಅದನ್ನು ಸ್ವೀಕರಿಸುವ ಮೆದುಳೂ ಅತಿಯಾಗಿ ಎಚ್ಚತ್ತಿರುವುದೇ ಇಲ್ಲಿಯ ಮುಖ್ಯ ತೊಂದರೆಯೆಂದು ಈಗಿನ ತಜ್ಞರ ಅಭಿಪ್ರಾಯ.

ನಿದ್ದೆಗೂ ಈ ತಂತಿಗೂ ಸಂಬಂಧವುಂಟು. 1975ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದ ವೈದ್ಯ ಮೊಲ್ಡೋಫ್‌ಸ್ಕಿ ಮತ್ತು ಅವರ ಸಂಗಡಿಗರು, ಆರೋಗ್ಯವಂತರಾದ ತರುಣರು ಗಾಢನಿದ್ದೆಗೆ ಜಾರಿದಾಗಲೆಲ್ಲ ಸದ್ದು ಮಾಡಿ ಅದನ್ನು ಕೆಡಿಸುತ್ತ ಬಂದರು. ಕೆಲವೇ ರಾತ್ರಿಗಳಲ್ಲಿ ಆ ತರುಣರಿಗೆ ಮೈಕೈ ನೋವೂ ಆಯಾಸವೂ ಕಾಣಿಸಿಕೊಂಡವು. ಹೋಟೆಲಿನ ಅಟ್ಟದ ಮೇಲೆ ಹತ್ತು ಮಂದಿಯ ನಡುವೆ ಮಲಗಿ, ನಡುರಾತ್ರಿ ಹಾಲಿನವನಿಗೆ ಬಾಗಿಲು ತೆಗೆದು, ನಾಲ್ಕಕ್ಕೆ ಒಲೆ ಹೊತ್ತಿಸುವವರಿಗೆ ಈ ಪ್ರಯೋಗದ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ವ್ಯಥೆಯೂ ಬ್ಯಾಥಾವೂ

ಪರಊರಿನಲ್ಲಿ ರೋಗಿಯಾಗುವವನಿಗೆ ಭಾಷೆಯ ಕಷ್ಟ ಬೇರೆ. ತರಕಾರಿ ಕೊಳ್ಳಲು ಸಾಲುವ ಬಂಗಾಳಿ ನೋವನ್ನು ಹೇಳಲು ಸಾಲದು. ಇಲ್ಲಿ ಒಂದು ಸ್ವಾರಸ್ಯವುಂಟು. ಸಂಸ್ಕೃತದ ‘ವ್ಯಥಾ’ ಎಂಬ ಪದವು ಕನ್ನಡಕ್ಕೆ ಬಂದು ‘ವ್ಯಥೆ’ಯಾಯಿತು, ಬಂಗಾಳಿಗೆ ಹೋಗಿ ‘ಬ್ಯಾಥಾ’ ಆಯಿತು. ನಮ್ಮಲ್ಲಿ ವ್ಯಥೆಯೆಂದರೆ ಮನಸ್ಸಿನ ದುಃಖ. ಇವರಲ್ಲಿ ಬ್ಯಾಥಾ ಎಂದರೆ ಮೊದಲು ಶರೀರದ ನೋವು. ಮೈಯ ನೋವೋ ಮನಸ್ಸಿನ ನೋವೋ ಎಂದು ವೈದ್ಯರೇ ವಾದಿಸುವ ಈ ರೋಗಕ್ಕೆ ಎರಡು ಭಾಷೆಗಳೂ ಒಂದೇ ಪದವನ್ನು ಹಂಚಿಕೊಂಡಿರುವುದು ಯೋಚಿಸತಕ್ಕ ವಿಷಯ.

ಬಂಗಾಳಿಗಳಲ್ಲಿ ನೋವಿನ ಬಗೆಗಳಿಗೆ ಬೇರೆ ಬೇರೆ ಜೋಡಿ ಪದಗಳಿವೆ. ಚಳಿಗೆ ಮೂಳೆ ಕೊರೆದಂತಹ ನೋವು ‘ಕನ್‌ಕನ್’, ಕುರುವಿನಂತೆ ಬಿಗಿದು ಮಿಡಿಯುವುದು ‘ಟನ್‌ಟನ್’, ಸಣ್ಣಗೆ ಚುಚ್ಚುವುದು ‘ಚಿನ್‌ಚಿನ್’, ನಾವು ಜೋಮು ಎನ್ನುವುದು ‘ಝಿನ್‌ಝಿನ್’. ಇಂಥ ಅನುಕರಣ ಪದಗಳ ವಿಷಯವಾಗಿ ರವೀಂದ್ರನಾಥ ಠಾಕೂರರೇ ಪ್ರಬಂಧ ಬರೆದಿದ್ದಾರೆ. “ಶಾರಾ ಶೊರೀರೆ ಬ್ಯಾಥಾ” ಎಂದರೆ ಮೈಯೆಲ್ಲ ನೋವು. “ಘುಮ್ ಹೊಯ್ ನಾ” ಎಂದರೆ ನಿದ್ದೆ ಬರುವುದಿಲ್ಲ. “ತಿನ್ ಮಾಶ್” ಎಂದರೆ ಮೂರು ತಿಂಗಳು. ಇಷ್ಟನ್ನು ಕಲಿತು ಹೇಳಿದರೆ ಡಾಕ್ತಾರ್ ಬಾಬುಗಳ ಮುಖದಲ್ಲಿಯ ಅಪರಿಚಿತ ಭಾವ ಅರ್ಧ ಕಡಿಮೆಯಾಗುತ್ತದೆ. ಅದೂ ಆಗದವರು ಬಂಗಾಳಿ ಬಲ್ಲ ಗೆಳೆಯರೊಬ್ಬರನ್ನು ಕರೆದೊಯ್ಯತಕ್ಕದ್ದು.

ಎಂಥ ವೈದ್ಯರು ಬೇಕು

ಡಾಕ್ಟರ್ ಬಿಧಾನ್ ಚಂದ್ರ ರಾಯರು ರೋಗಿಯನ್ನು ಕಂಡೊಡನೆಯೇ ರೋಗ ಹೇಳುತ್ತಿದ್ದರೆಂದು ಕಲ್ಕತ್ತೆಯ ಹಿರಿಯರು ಇಂದಿಗೂ ಕಥೆ ಹೇಳುತ್ತಾರೆ. 1948ರಿಂದ 1962ರವರೆಗೆ ಮುಖ್ಯಮಂತ್ರಿಗಳಾಗಿದ್ದಾಗಲೂ ಅವರು ರೋಗಿಗಳನ್ನು ನೋಡುವುದನ್ನು ಬಿಡಲಿಲ್ಲ. ಅವರು ಹುಟ್ಟಿದ್ದೂ ತೀರಿಕೊಂಡದ್ದೂ ಜುಲೈ 1ರಂದೇ. ಆ ದಿನವನ್ನು ದೇಶವು ವೈದ್ಯರ ದಿನವೆಂದು ಆಚರಿಸುತ್ತದೆ. ಆದರೆ ನೋಡಿದ ಮಾತ್ರಕ್ಕೆ ಹೇಳಿಬಿಡುವ ವಿದ್ಯೆ ಈ ರೋಗದಲ್ಲಿ ನಡೆಯುವುದಿಲ್ಲ. ಇಲ್ಲಿ ಕಣ್ಣಿಗಿಂತ ಕಿವಿ ಹೆಚ್ಚು ಕೆಲಸ ಮಾಡಬೇಕು.

ಕಿವಿಗೆ ಕಾಲ ಬೇಕು. ಕಾಲವೇ ಇಲ್ಲದಿರುವುದು ನಮ್ಮ ದೇಶದ ಕೊರತೆ. 67 ದೇಶಗಳ ಲೆಕ್ಕಗಳನ್ನು ಕೂಡಿಸಿ 2017ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ಪ್ರಾಥಮಿಕ ಚಿಕಿತ್ಸೆಯ ವೈದ್ಯರು ಒಬ್ಬ ರೋಗಿಗೆ ಕೊಡುವ ಹೊತ್ತು ಸ್ವೀಡನ್ನಿನಲ್ಲಿ 22 ನಿಮಿಷಕ್ಕೂ ಹೆಚ್ಚು, ಭಾರತದಲ್ಲಿ ಸುಮಾರು 2 ನಿಮಿಷ ಎಂದು ಕಂಡುಬಂದಿತು. ಒಂದು ಸೆಟ್ ದೋಸೆ ಬೇಯುವ ಹೊತ್ತೂ ಅದಲ್ಲ. ವೈದ್ಯರನ್ನು ದೂರಿ ಫಲವಿಲ್ಲ, ಹೊರಗೆ ಅರವತ್ತು ಮಂದಿ ಕಾದಿರುತ್ತಾರೆ. ಆದರೂ ಆ ಗದ್ದಲದಲ್ಲಿಯೇ ಒಳ್ಳೆಯವರನ್ನು ಗುರುತಿಸಲು ಕೆಲವು ಲಕ್ಷಣಗಳಿವೆ.

ಮೊದಲನೆಯದು, ಅವರು ನಿದ್ದೆಯನ್ನೂ ಕೆಲಸವನ್ನೂ ಕುರಿತು ಕೇಳುತ್ತಾರೆ. ಎರಡನೆಯದು, ಕೈಯಿಂದ ಮುಟ್ಟಿ ಕೀಲುಗಳನ್ನು ಪರೀಕ್ಷಿಸುತ್ತಾರೆ. ಊತವಿದೆಯೇ ಎಂದು ನೋಡುತ್ತಾರೆ. ಮೂರನೆಯದು, ಬೇರೆ ರೋಗಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು ಬೇಕಾದಷ್ಟೇ ಪರೀಕ್ಷೆ ಬರೆಯುತ್ತಾರೆ. ಥೈರಾಯ್ಡ್ ಗ್ರಂಥಿಯ ಮಾಂದ್ಯ, ರಕ್ತಹೀನತೆ, ಡಿ ಜೀವಸತ್ವದ ಕೊರತೆ, ಸಂಧಿವಾತ, ಈ ಊರಿನ ಮಳೆಗಾಲದ ಚಿಕುನ್‌ಗುನ್ಯಾ ಜ್ವರದ ಶೇಷ, ಇವುಗಳೂ ಮೈಕೈ ನೋವು ತರುತ್ತವೆ. ಇವುಗಳನ್ನು ನೋಡದೆ ಫೈಬ್ರೋಮಯಾಲ್ಜಿಯಾ ಎಂದುಬಿಡುವುದೂ ತಪ್ಪು. ಇವು ಇಲ್ಲವೆಂದಾದ ಮೇಲೆಯೂ ತಿಂಗಳಿಗೊಂದು ದೊಡ್ಡ ಸ್ಕ್ಯಾನ್ ಬರೆಯುವುದೂ ತಪ್ಪು. ನಾಲ್ಕನೆಯದು, ಅವರು “ಪೂರ್ಣ ಗುಣಪಡಿಸುತ್ತೇನೆ” ಎಂದು ಭರವಸೆ ಕೊಡುವುದಿಲ್ಲ, “ಏನೂ ಇಲ್ಲ” ಎಂದು ಕಳುಹಿಸುವುದೂ ಇಲ್ಲ. “ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ, ಆದರೆ ನಿಮ್ಮ ನೋವು ನಿಜ, ಒಂದು ತಿಂಗಳ ನಂತರ ಮತ್ತೆ ಬನ್ನಿ” ಎನ್ನುತ್ತಾರೆ. ಈ ಮಾತನ್ನು ಯಾರ ಬಾಯಿಂದ ಕೇಳುತ್ತೀರೋ ಅವರನ್ನು ಬಿಡಬೇಡಿ. ದೊಡ್ಡ ಹೆಸರಿನವರೇ ಆಗಬೇಕೆಂದಿಲ್ಲ. ಔಷಧದ ಅಂಗಡಿಯ ಹಿಂಬದಿಯ ಚೇಂಬರಿನಲ್ಲಿ ಸಂಜೆ ಕುಳಿತಿರುವ ಸಾಮಾನ್ಯ ವೈದ್ಯರೂ ಆಗಿರಬಹುದು.

ಎಚ್ಚರಿಕೆಯ ಮಾತೊಂದನ್ನು ಇಲ್ಲಿಯೇ ಹೇಳಬೇಕು. ನೋವಿನ ಜೊತೆಗೆ ಜ್ವರ, ಮೈ ಇಳಿಯುವುದು, ಕೀಲುಗಳ ಊತ, ಕೈಕಾಲುಗಳ ಬಲ ಕುಗ್ಗುವುದು, ಮಲಮೂತ್ರಗಳ ಮೇಲಿನ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದಿದ್ದರೂ ಅದು ಈ ರೋಗವೆಂದು ಸುಮ್ಮನಿರಬಾರದು. ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಕಲ್ಕತ್ತೆಯಲ್ಲಿ ಎಲ್ಲಿಗೆ ಹೋಗಬೇಕು

ನಮ್ಮ ಓದುಗರಲ್ಲಿ ಬಹುಮಂದಿಗೆ ಹತ್ತಿರದ ಬಾಗಿಲು ಇ.ಎಸ್.ಐ. ಎಂಬ ಕಾರ್ಮಿಕರ ವಿಮೆಯದು. 1948ರ ಶಾಸನದ ಮೇರೆಗೆ 1952ರಲ್ಲಿ ಆರಂಭವಾದ ಈ ಯೋಜನೆ ಹೋಟೆಲು ಕೆಲಸಗಾರರಿಗೂ ಅನ್ವಯಿಸುತ್ತದೆ. 2017ರ ಜನವರಿಯಲ್ಲಿ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. 2019ರ ಜುಲೈಯಿಂದ ಕೆಲಸಗಾರನ ವಂತಿಗೆ ಸಂಬಳದ ನೂರಕ್ಕೆ ಮುಕ್ಕಾಲು ಪಾಲು, ಮಾಲಿಕರದು ನೂರಕ್ಕೆ ಮೂರೂಕಾಲು ಪಾಲು. 12,000 ರೂಪಾಯಿ ಸಂಬಳದವನು 90 ರೂಪಾಯಿ ಕೊಟ್ಟರೆ ಮಾಲಿಕರು 390 ರೂಪಾಯಿ ಕೊಡಬೇಕು. ಅದಕ್ಕೆ ಪ್ರತಿಯಾಗಿ ಕೆಲಸಗಾರನಿಗೂ ಅವನ ಕುಟುಂಬಕ್ಕೂ ಚಿಕಿತ್ಸೆ ದೊರೆಯುತ್ತದೆ. ವಂತಿಗೆಯ ಆರು ತಿಂಗಳ ಅವಧಿಯಲ್ಲಿ 78 ದಿನಗಳಾದರೂ ಹಣ ಸಂದಿದ್ದರೆ, ವೈದ್ಯರ ಸರ್ಟಿಫಿಕೇಟಿನ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ನೂರಕ್ಕೆ 70ರಷ್ಟು ಕಾಯಿಲೆಯ ಭತ್ಯವೂ ಉಂಟು.

ಪಶ್ಚಿಮ ಬಂಗಾಳದಲ್ಲಿ ಇ.ಎಸ್.ಐ.ಗೆ ಸೇರಿದವರನ್ನು ನೋಡಲು ‘ಪ್ಯಾನೆಲ್ ಡಾಕ್ಟರು’ಗಳಿದ್ದಾರೆ. ಇವರು ತಮ್ಮ ಸ್ವಂತ ಚೇಂಬರಿನಲ್ಲಿ ಕಾರ್ಮಿಕರನ್ನು ನೋಡುವ ವೈದ್ಯರು. ದೊಡ್ಡ ಆಸ್ಪತ್ರೆಗೆ ಚೀಟಿ ಬರೆಯುವವರೂ ಇವರೇ. ಆದುದರಿಂದ ಪ್ಯಾನೆಲಿನಲ್ಲಿ ಯಾರನ್ನು ಆರಿಸಿಕೊಳ್ಳುತ್ತೇವೆ ಎಂಬುದು ಸಣ್ಣ ವಿಷಯವಲ್ಲ. ಕೋಣೆಗೆ ಹತ್ತಿರವೆಂಬ ಒಂದೇ ಕಾರಣಕ್ಕೆ ಆರಿಸದೆ, ಜೊತೆಯ ಕೆಲಸಗಾರರನ್ನು ವಿಚಾರಿಸಿ, ಮಾತು ಕೇಳುವವರು ಯಾರೆಂದು ತಿಳಿದು ಹೆಸರು ಬರೆಯಿಸಬೇಕು.

ಶಿಯಾಲ್ದಾದ ಇ.ಎಸ್.ಐ. ಆಸ್ಪತ್ರೆಯಲ್ಲಿ ನೋವಿನ ಚಿಕಿತ್ಸೆಗೆಂದೇ ಮೀಸಲಾದ ಸಂಸ್ಥೆಯೊಂದಿದೆ. ಡಾಕ್ಟರ್ ಸುಬ್ರತ ಗೋಸ್ವಾಮಿಯವರ ಪ್ರಯತ್ನದಿಂದ ಬೆಳೆದ ಅದು ವೈದ್ಯರಿಗೆ ನೋವಿನ ಚಿಕಿತ್ಸೆಯಲ್ಲಿ ತರಬೇತಿಯನ್ನೂ ಕೊಡುತ್ತದೆ. ನೋವನ್ನೇ ಒಂದು ರೋಗವೆಂದು ಎಣಿಸಿ ಕಾರ್ಮಿಕರ ಆಸ್ಪತ್ರೆಯಲ್ಲಿ ಇಂಥ ಸಂಸ್ಥೆ ನೆಲೆಗೊಂಡಿರುವುದು ದುಡಿಯುವವರ ಭಾಗ್ಯವೆಂದೇ ಹೇಳಬೇಕು. ಪ್ಯಾನೆಲ್ ಡಾಕ್ಟರಲ್ಲಿ ಅದಕ್ಕಾಗಿ ಚೀಟಿ ಕೇಳಲು ಸಂಕೋಚಪಡಬೇಕಾದುದಿಲ್ಲ.

ಇ.ಎಸ್.ಐ. ಇಲ್ಲದ ಗುಮಾಸ್ತ ಬಂಧುಗಳಿಗೆ ಸರಕಾರಿ ಆಸ್ಪತ್ರೆಗಳುಂಟು. ಹಳಬರು ಪಿ.ಜಿ. ಎಂದು ಕರೆಯುವ ಎಸ್.ಎಸ್.ಕೆ.ಎಂ. ಆಸ್ಪತ್ರೆಯಲ್ಲಿ ಸಂಧಿವಾತದ ವಿಭಾಗವೂ ಅಂಗಸಾಧನೆಯಿಂದ ಚಿಕಿತ್ಸೆ ಮಾಡುವ ವಿಭಾಗವೂ ಇವೆ. 1898ರಲ್ಲಿ ರೊನಾಲ್ಡ್ ರಾಸ್ ಸೊಳ್ಳೆಗೂ ಮಲೇರಿಯಕ್ಕೂ ಇರುವ ಸಂಬಂಧವನ್ನು ಶೋಧಿಸುವ ತಮ್ಮ ಕೆಲಸವನ್ನು ಮುಂದುವರಿಸಿದ ಸ್ಥಳವದು. ಕ್ಯೂ ದೊಡ್ಡದು, ಬೆಳಿಗ್ಗೆ ಬೇಗ ಹೋಗಬೇಕು. ಆದರೆ ಇದು ಯಾವ ರೋಗವಲ್ಲ ಎಂಬುದನ್ನು ನಿಶ್ಚಯಿಸಿಕೊಳ್ಳಲು ಒಮ್ಮೆ ಅಲ್ಲಿ ತೋರಿಸಿಕೊಂಡು, ಅನಂತರ ಹತ್ತಿರದ ವೈದ್ಯರ ಕೈಕೆಳಗೆ ಚಿಕಿತ್ಸೆ ನಡೆಸುವುದು ಖರ್ಚಿಗೂ ಕಾಲಕ್ಕೂ ಅನುಕೂಲ.

ಒಂದು ಹಾಳೆ ಕಾಗದ

ವೈದ್ಯರ ಎರಡು ನಿಮಿಷವನ್ನು ಹತ್ತು ನಿಮಿಷದಷ್ಟು ಬೆಲೆಯದಾಗಿ ಮಾಡುವ ಉಪಾಯ ನಮ್ಮ ಕೈಯಲ್ಲಿದೆ. ಗಲ್ಲಾದ ಬಿಲ್ಲಿನ ಹಿಂಬದಿಯಾದರೂ ಸರಿ, ಒಂದು ಹಾಳೆ ಕಾಗದ ತೆಗೆದುಕೊಳ್ಳಿ. ಮನುಷ್ಯನ ಆಕಾರವೊಂದನ್ನು ಬರೆದು ನೋವಿರುವ ಜಾಗಗಳಿಗೆ ಗುರುತು ಹಾಕಿ. ಕೆಳಗೆ ನಾಲ್ಕು ಸಾಲು ಬರೆಯಿರಿ: ನೋವು ಎಂದಿನಿಂದ, ನಿದ್ದೆ ಎಷ್ಟು ಗಂಟೆ ಮತ್ತು ಎದ್ದಾಗ ಹೇಗೆ, ಯಾವ ಕೆಲಸ ಮಾಡಲಾಗುತ್ತಿಲ್ಲ, ಈಗ ಯಾವ ಯಾವ ಮಾತ್ರೆ ನುಂಗುತ್ತಿದ್ದೇನೆ. ಹಳೆಯ ರಿಪೋರ್ಟುಗಳನ್ನು ತಾರೀಖಿನ ಕ್ರಮದಲ್ಲಿ ಪಿನ್ ಮಾಡಿ. ಒಳಗೆ ಹೋದೊಡನೆ ಹತ್ತು ಕಷ್ಟಗಳನ್ನು ಹೇಳದೆ, ಎಲ್ಲಕ್ಕಿಂತ ಹೆಚ್ಚಾದ ಒಂದನ್ನು ಮೊದಲು ಹೇಳಿ. “ತುಂಬಾ ನೋವು ಸಾರ್” ಎನ್ನುವುದಕ್ಕಿಂತ, “ಮೊದಲು ಹಿಟ್ಟಿನ ಪಾತ್ರೆಯನ್ನು ಒಬ್ಬನೇ ಎತ್ತುತ್ತಿದ್ದೆ, ಈಗ ಇಬ್ಬರು ಬೇಕು” ಎಂಬ ಮಾತು ವೈದ್ಯರಿಗೆ ಹೆಚ್ಚು ತಿಳಿಯುತ್ತದೆ.

ಇಷ್ಟಾದರೂ ಕೇಳದವರಿದ್ದರೆ ಜಗಳವಾಡದೆ ಬೇರೊಬ್ಬರಲ್ಲಿಗೆ ಹೋಗಬಹುದು. ಅದು ಅವಿಧೇಯತೆಯಲ್ಲ. ಆದರೆ ಒಳ್ಳೆಯವರು ಸಿಕ್ಕ ಮೇಲೆ ವಾರಕ್ಕೊಬ್ಬರಂತೆ ಬದಲಿಸುವುದು ತರವಲ್ಲ. ಈ ರೋಗದ ಔಷಧಕ್ಕೂ ಅಭ್ಯಾಸಕ್ಕೂ ಫಲ ಕೊಡಲು ವಾರಗಳು ಬೇಕು.

ಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬಹುದು

ಈ ರೋಗವು ಪ್ರಾಣ ತೆಗೆಯುವುದಲ್ಲ, ಕೀಲುಗಳನ್ನು ವಕ್ರ ಮಾಡುವುದಲ್ಲ. ಹಾಗೆಯೇ ಬೇರುಸಹಿತ ಕಿತ್ತೊಗೆಯುವ ಔಷಧವೂ ಇದಕ್ಕೆ ದೊರೆತಿಲ್ಲ. ನೋವನ್ನು ತಗ್ಗಿಸಿ, ದುಡಿದು ತಿನ್ನುವ ಮಟ್ಟಕ್ಕೆ ಮೈಯನ್ನು ತರುವುದು ಸಾಧ್ಯ. 2017ರಲ್ಲಿ ಪ್ರಕಟವಾದ ಯೂರೋಪಿನ ಸಂಧಿವಾತ ತಜ್ಞರ ಒಕ್ಕೂಟದ ಸೂಚನೆಗಳಲ್ಲಿ ಎಲ್ಲಕ್ಕಿಂತ ಬಲವಾಗಿ ಶಿಫಾರಸು ಮಾಡಿರುವುದು ಯಾವ ಮಾತ್ರೆಯನ್ನೂ ಅಲ್ಲ, ವ್ಯಾಯಾಮವನ್ನು. “ದಿನವೆಲ್ಲ ನಿಂತು ಓಡಾಡುವವನಿಗೆ ಮತ್ತೆ ವ್ಯಾಯಾಮವೇ?” ಎಂದು ನಮ್ಮವರು ಕೇಳುವುದು ಸಹಜ. ಒಂದೇ ಕೈ, ಒಂದೇ ಸೊಂಟ ಬಳಸುವ ಹೋಟೆಲಿನ ದುಡಿಮೆ ಬೇರೆ. ಮೈಯನ್ನೆಲ್ಲ ಸಮನಾಗಿ ಆಡಿಸುವ ನಡಿಗೆ ಬೇರೆ. ದಿನಕ್ಕೆ ಹತ್ತು ನಿಮಿಷದಿಂದ ಆರಂಭಿಸಿ ಮೆಲ್ಲಮೆಲ್ಲನೆ ಏರಿಸಬೇಕು. ಲೇಕ್ ಮಾರ್ಕೆಟಿನ ಸುತ್ತಿನವರಿಗೆ ರವೀಂದ್ರ ಸರೋವರವಿದೆ, ಡಾಲ್‌ಹೌಸಿಯವರಿಗೆ ಮೈದಾನವಿದೆ. 2010ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ 66 ಮಂದಿ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾಯಿತು. ಚೀನೀಯರ ‘ತೈ ಚಿ’ ಎಂಬ ನಿಧಾನ ಚಲನೆಯ ವ್ಯಾಯಾಮವನ್ನು 12 ವಾರ ಮಾಡಿದವರ ನೋವೂ ನಿದ್ದೆಯೂ ಸುಧಾರಿಸಿದ್ದವು.

ಔಷಧಗಳಲ್ಲಿ ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಪ್ರಿಗ್ಯಾಬಲಿನ್ ಎಂಬುವನ್ನು ವೈದ್ಯರು ಬರೆಯುವುದುಂಟು. ಮೊದಲಿನ ಎರಡು ಮನಸ್ಸಿನ ಖಿನ್ನತೆಗೂ ಕೊಡುವ ಔಷಧಗಳೆಂದು ಅಂಗಡಿಯಲ್ಲಿ ತಿಳಿದು, “ನನ್ನನ್ನು ಹುಚ್ಚನೆಂದುಕೊಂಡರೇ?” ಎಂದು ಮಾತ್ರೆ ಎಸೆದವರುಂಟು. ಹಾಗೆ ಭಾವಿಸತಕ್ಕದ್ದಲ್ಲ. ನೋವಿನ ತಂತಿಯ ಸದ್ದನ್ನು ತಗ್ಗಿಸುವ ಗುಣವೂ ಅವಕ್ಕೆ ಇದೆ. ಈ ಔಷಧಗಳಿಂದ ತೂಕಡಿಕೆ, ತಲೆ ತಿರುಗುವುದು ಬರಬಹುದು. ಕಾವಲಿಯ ಮುಂದೆ, ಕುದಿಯುವ ಎಣ್ಣೆಯ ಮುಂದೆ ನಿಲ್ಲುವವರು ತಮ್ಮ ಕೆಲಸವೇನೆಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಮಾತ್ರೆ ನುಂಗುವ ಹೊತ್ತನ್ನು ಅವರು ಅದಕ್ಕೆ ತಕ್ಕಂತೆ ಗೊತ್ತುಮಾಡುತ್ತಾರೆ. ತಾವಾಗಿಯೇ ಫಕ್ಕನೆ ನಿಲ್ಲಿಸಲೂ ಬಾರದು.

ಲೋಕಲ್ ಟ್ರೈನಿನಲ್ಲಿ ಮಾರುವ ‘ಬಾತ್’ ಎಂಬ ವಾತದ ಎಣ್ಣೆಯಿಂದ ಹಣ ಹೋದೀತು, ಪ್ರಾಣವೇನೂ ಹೋಗಲಾರದು. ಹೆದರಬೇಕಾದದ್ದು ಹೆಸರಿಲ್ಲದ ಪೊಟ್ಟಣದ ಮಾತ್ರೆಗಳಿಗೆ. ಅವುಗಳಲ್ಲಿ ಸ್ಟೆರಾಯ್ಡ್ ಬೆರೆತಿರುವ ಸಂಭವವುಂಟು. ಎರಡು ದಿನ ಹುರುಪು ಬಂದು, ಆ ಮೇಲೆ ಸಕ್ಕರೆ ರೋಗವೂ ಮೂಳೆಯ ಸವೆತವೂ ಬರುತ್ತವೆ. ಫೈಬ್ರೋಮಯಾಲ್ಜಿಯಾಕ್ಕೆ ಸ್ಟೆರಾಯ್ಡ್ ಔಷಧವೇ ಅಲ್ಲ. ನೋವಿನ ಸಾಮಾನ್ಯ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿ.

ಮಾಲಿಕರಿಗೂ ಸಂಗಡಿಗರಿಗೂ ಒಂದು ಮಾತು

ಗಲ್ಲಾದ ಹಿಂದೆ ಇಪ್ಪತ್ತು ವರ್ಷ ಕುಳಿತ ಅನುಭವದಿಂದ ನಾವು ಮಾಲಿಕ ಬಂಧುಗಳಿಗೆ ಒಂದು ವಿಷಯವನ್ನು ಅರಿಕೆ ಮಾಡುತ್ತೇವೆ. ಕೆಲಸಗಳ್ಳನಿಗೂ ನೋವುಳ್ಳವನಿಗೂ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಕೆಲಸಗಳ್ಳನು ಗಿರಾಕಿಗಳು ಹೆಚ್ಚಾದಾಗ ಮಾಯವಾಗುತ್ತಾನೆ. ನೋವುಳ್ಳವನು ಹಲ್ಲು ಕಚ್ಚಿ ನಿಂತು, ಗದ್ದಲವೆಲ್ಲ ಮುಗಿದ ಮೇಲೆ ಕುಸಿಯುತ್ತಾನೆ. ಅಂಥವನಿಗೆ ದಯೆಯ ದುಡ್ಡು ಬೇಕಾಗಿಲ್ಲ. ವಂತಿಗೆಯನ್ನು ತಪ್ಪದೆ ಕಟ್ಟಿ ಅವನ ಇ.ಎಸ್.ಐ. ಕಾರ್ಡನ್ನು ಜೀವಂತವಾಗಿಡುವುದು, ವಾರದಲ್ಲಿ ಒಂದು ಬೆಳಿಗ್ಗೆ ಆಸ್ಪತ್ರೆಗೆ ಬಿಡುವು ಕೊಡುವುದು, ನಡುರಾತ್ರಿ ಬಾಗಿಲು ತೆಗೆಯುವ ಸರದಿಯಿಂದ ತಪ್ಪಿಸುವುದು, ಒಲೆಯ ಬಳಿ ಒಂದು ಸ್ಟೂಲು ಇರಿಸುವುದು, ಇಷ್ಟೇ ಬೇಕಾಗಿರುವುದು. ಪಳಗಿದ ಕೈಯನ್ನು ಬಿಟ್ಟುಕೊಟ್ಟು ಹೊಸಬನನ್ನು ತಯಾರು ಮಾಡುವ ನಷ್ಟವನ್ನು ಲೆಕ್ಕ ಹಾಕಿದರೆ ಇದು ದುಬಾರಿಯಲ್ಲ.

ಸಂಗಡಿಗರು ಮಾಡಬೇಕಾದದ್ದು ಇನ್ನೂ ಅಲ್ಪ. “ಸೋಗು” ಎಂಬ ಮಾತನ್ನು ಬಿಟ್ಟರೆ ಸಾಕು. ಊರಿನಲ್ಲಾದರೆ ತಾಯಿಯೋ ಅಕ್ಕನೋ ಮೈಗೆ ಎಣ್ಣೆ ಹಚ್ಚಿ, “ಹೇಗಿದ್ದೀಯಪ್ಪಾ?” ಎಂದು ಕೇಳುವವರಿರುತ್ತಾರೆ. ಇಲ್ಲಿ ಒಂದೇ ಅಟ್ಟದಲ್ಲಿ ಮಲಗುವವರೇ ಒಬ್ಬರಿಗೊಬ್ಬರು ಬಂಧುಗಳು. ಮನೆಯಲ್ಲಿ ಹೆಂಡತಿಯೋ ತಾಯಿಯೋ ಇದೇ ಬೇನೆಯಿಂದ ನರಳುತ್ತಿದ್ದರೆ ಗುಮಾಸ್ತ ಬಂಧುಗಳು ಅದನ್ನು ಹೆಂಗಸರ ಗೊಣಗಾಟವೆಂದು ತಳ್ಳಿಹಾಕದೆ, ತಾವೇ ಜೊತೆಗೆ ಹೋಗಿ ವೈದ್ಯರ ಮುಂದೆ ಕುಳಿತು ಅವರ ಮಾತಿಗೆ ಸಾಕ್ಷಿಯಾಗಬೇಕು.

ಪ್ರತಿ ವರ್ಷ ಮೇ 12ನ್ನು ಈ ರೋಗದ ತಿಳಿವಳಿಕೆಯ ದಿನವೆಂದು ಹಲವು ದೇಶಗಳಲ್ಲಿ ಆಚರಿಸುತ್ತಾರೆ. ಅದು ದಾದಿಯರ ಆದರ್ಶವೆನಿಸಿದ ಫ್ಲಾರೆನ್ಸ್ ನೈಟಿಂಗೇಲರು ಹುಟ್ಟಿದ ದಿನ. ನಮ್ಮವರು ಅಂದು ಸಭೆ ಸೇರಿ ಭಾಷಣ ಮಾಡಬೇಕೆಂದು ನಾವು ಹೇಳುವುದಿಲ್ಲ. ನೋವನ್ನು ಕೇಳಿ ನಂಬಿದ ವೈದ್ಯರು ಯಾರಿಗಾದರೂ ಸಿಕ್ಕಿದ್ದರೆ, ಅವರ ಚೇಂಬರು ಯಾವ ಬೀದಿಯಲ್ಲಿದೆ, ಯಾವ ಹೊತ್ತಿಗೆ ಕೂಡುತ್ತಾರೆ ಎಂಬುದನ್ನು ಪಕ್ಕದ ಹೋಟೆಲಿನವರಿಗೂ ತಿಳಿಸಿ. ಕೆಲಸ ಖಾಲಿಯಿರುವ ಹೋಟೆಲಿನ ಸುದ್ದಿ ನಮ್ಮಲ್ಲಿ ಒಂದೇ ದಿನದಲ್ಲಿ ಲೇಕ್ ಮಾರ್ಕೆಟಿನಿಂದ ಹೌರಾ ತಲುಪುತ್ತದೆ. ಒಳ್ಳೆಯ ವೈದ್ಯರ ಸುದ್ದಿಯೂ ಅಷ್ಟೇ ಬೇಗ ತಲುಪಲಿ.